ಸದ್ದಿಲ್ಲದ ಗಾಲಿ ಸಿರಿವಂತರ ಸೊತ್ತಲ್ಲ



ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ಒಂದು ಜಗಳಕ್ಕೆ ನಿಂತಿದ್ದೇನೆ. ಜಗಳದ ವಿಷಯ ಟೈರು. ನಿವೃತ್ತ ಮಾಸ್ತರನಿಗೂ ಟೈರಿಗೂ ಏನು ಸಂಬಂಧ ಎಂದು ನಗಬೇಡಿ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಇಂದು ಮಧ್ಯಮ ವರ್ಗದ ಮನೆಗಳ ಮುಂದೆ ಒಂದೊಂದು ಚಿಕ್ಕ ಕಾರು ನಿಂತಿದೆ. ಅದರ ಟೈರು ಸವೆದಾಗ ಬಹುಪಾಲು ಜನ ಎರಡೇ ಪ್ರಶ್ನೆ ಕೇಳುತ್ತಾರೆ: ಬೆಲೆ ಎಷ್ಟು? ಎಷ್ಟು ಸಾವಿರ ಕಿಲೋಮೀಟರ್ ಬರುತ್ತದೆ? ಸದ್ದು ಎಷ್ಟು, ಕುಲುಕಾಟ ಎಷ್ಟು ಎಂದು ಕೇಳಿದವನನ್ನು ಅಂಗಡಿಯಲ್ಲಿ ವಿಚಿತ್ರ ಪ್ರಾಣಿಯಂತೆ ನೋಡುತ್ತಾರೆ. "ಸರ, ಸಣ್ಣ ಗಾಡಿಗೆ ಅದೆಲ್ಲಾ ಯಾಕ್ರೀ? ಅದು ದೊಡ್ಡ ಗಾಡಿ ಮಂದಿ ಕೇಳೂದು" ಎಂಬ ಉತ್ತರ ನನಗೆ ಒಂದಲ್ಲ, ಮೂರು ಅಂಗಡಿಗಳಲ್ಲಿ ದೊರೆತಿದೆ. ಈ ಮಾತು ತಪ್ಪು ಮಾತ್ರವಲ್ಲ, ತಲೆಕೆಳಗಾದುದು ಎಂಬುದು ನನ್ನ ವಾದ.

ಮೊದಲು ಇತಿಹಾಸವನ್ನೇ ನೋಡೋಣ. ಗಾಳಿ ತುಂಬಿದ ಟೈರು ಹುಟ್ಟಿದ್ದೇ ಸದ್ದು ಮತ್ತು ಕುಲುಕಾಟಗಳನ್ನು ತಗ್ಗಿಸಲು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಮೋಟಾರು ಕಾರು ಇನ್ನೂ ಜನ್ಮ ತಾಳಿರಲಿಲ್ಲ. ಕುದುರೆಗಾಡಿಯ ಓಟವನ್ನು ಹಗುರಗೊಳಿಸುವುದು, ಅದರ ಸದ್ದನ್ನು ಕಡಿಮೆ ಮಾಡುವುದು ಅವನ ಉದ್ದೇಶವಾಗಿತ್ತು. ಆ ಶೋಧ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದ. ಒಂದು ಮಗುವಿನ ಮೈ ಕುಲುಕಬಾರದೆಂದು ಮರುಹುಟ್ಟು ಪಡೆದ ವಸ್ತುವಿನ ವಿಷಯದಲ್ಲಿ "ಸುಖ ಯಾಕ್ರೀ" ಎಂದು ಕೇಳುವುದು, ಕೊಡೆ ಮಾರುವವನು "ಮಳೆಗೆ ತೋಯದಿರುವುದು ಯಾಕ್ರೀ" ಎಂದು ಕೇಳಿದಂತಲ್ಲವೇ?

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ಕಬ್ಬಿಣದ ಪಟ್ಟಿ ಕಟ್ಟಿದ ಚಕ್ಕಡಿಯ ಗಾಲಿಯ ಸದ್ದನ್ನೂ, ಅದರಲ್ಲಿ ಕುಳಿತು ಜಾತ್ರೆಗೆ ಹೋಗಿ ಬಂದ ಮೈಕೈ ನೋವನ್ನೂ ಬಲ್ಲ ತಲೆಮಾರು ನಮ್ಮದು. ಟೈರಿನ ಬಂಡಿ ಬಂದಾಗ ಎತ್ತುಗಳಿಗೂ ಮನುಷ್ಯರಿಗೂ ಎಷ್ಟು ಹಗುರವಾಯಿತೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಆಗ ಯಾರೂ ಅದನ್ನು ಸಿರಿವಂತರ ಚಟವೆನ್ನಲಿಲ್ಲ.

ಇನ್ನು "ಸಣ್ಣ ಗಾಡಿಗೆ ಯಾಕೆ" ಎಂಬ ಮಾತಿಗೆ ಬರುತ್ತೇನೆ. ಸಣ್ಣ ಗಾಡಿಗೇ ಅದು ಹೆಚ್ಚು ಬೇಕು. ದುಬಾರಿ ಕಾರಿನ ತಗಡು ದಪ್ಪ, ಬಾಗಿಲಿನ ರಬ್ಬರು ದಪ್ಪ, ನೆಲಹಾಸಿನ ಕೆಳಗೆ ಸದ್ದು ಹೀರುವ ಪದರಗಳು. ನಮ್ಮ ಚಿಕ್ಕ ಕಾರುಗಳಲ್ಲಿ ಬೆಲೆಯನ್ನೂ ತೂಕವನ್ನೂ ಇಳಿಸಲು ಇವೆಲ್ಲವನ್ನೂ ಮಿತಗೊಳಿಸಿರುತ್ತಾರೆ. ವೇಗ ಸುಮಾರು 50 ಕಿಲೋಮೀಟರ್ ದಾಟಿದ ಮೇಲೆ ಎಂಜಿನ್ನಿನ ಸದ್ದಿಗಿಂತ ಟೈರಿನ ಸದ್ದೇ ಮೇಲುಗೈ ಪಡೆಯುತ್ತದೆ. ಟ್ರೆಡ್ಡಿನ ಅಚ್ಚುಗಳು ಒಂದೊಂದಾಗಿ ರಸ್ತೆಗೆ ಬಡಿಯುತ್ತವೆ. ಅವುಗಳ ಸಂದಿನ ಗಾಳಿ ಹಿಂಡಿಕೊಂಡು ಹೊರಗೆ ಚಿಮ್ಮುತ್ತದೆ. ಟೈರಿನ ಒಳಗಿನ ಗಾಳಿ ಡೋಲಿನ ಹೊಟ್ಟೆಯಂತೆ ಅನುರಣಿಸುತ್ತದೆ. ದೊಡ್ಡ ಕಾರು ಇದನ್ನು ಅಷ್ಟಿಷ್ಟು ನುಂಗಿಕೊಳ್ಳುತ್ತದೆ. ಚಿಕ್ಕ ಕಾರು ನಮ್ಮ ಕಿವಿಗೇ ದಾಟಿಸುತ್ತದೆ.

ನಮ್ಮ ರಸ್ತೆಗಳ ಗುಣವೂ ಸೇರಿಕೊಳ್ಳುತ್ತದೆ. ಹುಬ್ಬಳ್ಳಿ-ಗದಗ-ಕೊಪ್ಪಳದ 67ನೆಯ ರಾಷ್ಟ್ರೀಯ ಹೆದ್ದಾರಿಯ ಮಾತು ಬೇರೆ. ಆದರೆ ಡಂಬಳದ ಮೇಲೆ ಮುಂಡರಗಿಗೆ, ಮುಳಗುಂದದ ಕಡೆಯಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ ಓಡಾಡುವವರಿಗೆ ಗೊತ್ತು. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ; ಅದರ ಬೆನ್ನ ಮೇಲಿನ ರಸ್ತೆ ಅಲೆಯಲೆಯಾಗುತ್ತದೆ. ಜಲ್ಲಿ ಎದ್ದು ಕಾಣುವ ಒರಟು ಮೇಲ್ಮೈಯಲ್ಲಿ ಗಟ್ಟಿ ರಬ್ಬರಿನ ಟೈರು ಬೀಸುವ ಕಲ್ಲಿನಂತೆ ಗೊರಗೊರಗುಟ್ಟುತ್ತದೆ. ಮುಂದೆ ಕುಳಿತವನಿಗೆ ರಸ್ತೆಯ ಮೇಲಿನ ಗಮನದಲ್ಲಿ ಅದು ಅಷ್ಟಾಗಿ ತಿಳಿಯದು. ಹಿಂದಿನ ಸೀಟಿನಲ್ಲಿ ಸೊಂಟನೋವಿನ ತಾಯಿ ಕುಳಿತಿರುತ್ತಾಳೆ. ಬಸುರಿ ಸೊಸೆ ಕುಳಿತಿರುತ್ತಾಳೆ. ಕಿವಿಯ ಯಂತ್ರ ಹಾಕಿಕೊಂಡ ಅಜ್ಜ, ಮೊಮ್ಮಗಳ ಮಾತು ಕೇಳದೆ ಸುಮ್ಮನೆ ನಗುತ್ತಿರುತ್ತಾನೆ. ಟೈರು ಕೊಳ್ಳಲು ಹೋಗುವವನು ಮಾತ್ರ ಸ್ಟೇರಿಂಗ್ ಹಿಡಿಯುವವನು! ಹಿಂದಿನ ಸೀಟಿನವರನ್ನು ಕೇಳಿ ಟೈರು ಕೊಂಡ ಗೃಹಸ್ಥನನ್ನು ನನಗೆ ತೋರಿಸಿರಿ.

ಈಗ ಬಾಳಿಕೆಯ ವಾದ. "ಇದು ಗಟ್ಟಿ ಮಾಲ ರೀ ಸರ, ಎಂಬತ್ತು ಸಾವಿರ ಕಿಲೋಮೀಟರ್ ಎಲ್ಲೂ ಹೋಗೂದಿಲ್ಲ" ಎನ್ನುತ್ತಾರೆ. ಒಪ್ಪಿದೆ ಎಂದಿಟ್ಟುಕೊಳ್ಳೋಣ. ಬಾಡಿಗೆ ಕಾರು ಓಡಿಸುವವರಿಗೆ ಅದು ಸರಿಯಾದ ಟೈರು. ಅವರೊಡನೆ ನನ್ನ ತಕರಾರಿಲ್ಲ. ಆದರೆ ನನ್ನಂಥವನು ವರ್ಷಕ್ಕೆ ಓಡಿಸುವುದು ಹೆಚ್ಚೆಂದರೆ 6,000 ಕಿಲೋಮೀಟರ್. 80,000ವನ್ನು 6,000ದಿಂದ ಭಾಗಿಸಿರಿ. ಎಂಟನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ. ಹದಿಮೂರು ವರ್ಷಕ್ಕೂ ಮೇಲಾಯಿತು! ರಬ್ಬರು ಅಷ್ಟು ಕಾಲ ರಬ್ಬರಾಗಿ ಉಳಿಯುವುದಿಲ್ಲ. ನಮ್ಮ ಬಿಸಿಲಿನಲ್ಲಿ ಅದು ಗಡುಸಾಗುತ್ತದೆ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಮಳೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷಕ್ಕೆ ತಪ್ಪದೆ ಬದಲಿಸಿ ಎಂದು ಟೈರು ತಯಾರಕರೇ ಹೇಳುತ್ತಾರೆ. ಹಾಗಾದರೆ ನಾನು ಎಂದೂ ಓಡದ ಕಿಲೋಮೀಟರುಗಳಿಗಾಗಿ, ಓಡುವ ಪ್ರತಿಯೊಂದು ಕಿಲೋಮೀಟರಿನಲ್ಲೂ ಗದ್ದಲವನ್ನೇಕೆ ಸಹಿಸಬೇಕು?

ಹಣದ ಲೆಕ್ಕವನ್ನೂ ಮುಗಿಸಿಬಿಡೋಣ. ಸದ್ದು ಕಡಿಮೆಯ ಟೈರಿಗೆ ಒಂದಕ್ಕೆ 1,000 ರೂಪಾಯಿ ಹೆಚ್ಚೆಂದು ಹಿಡಿಯಿರಿ. ನಾಲ್ಕಕ್ಕೆ 4,000. ಆರು ವರ್ಷಗಳ 36,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಸುಮಾರು 11 ಪೈಸೆ. ಗದುಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಬರಲು ಸುಮಾರು ಎಂಬತ್ತು ಕಿಲೋಮೀಟರ್ ಎಂದರೆ ಒಂಬತ್ತು ರೂಪಾಯಿ. ಒಂದು ಕಪ್ ಚಹಾದ ಬೆಲೆ! ಸೀಟಿಗೆ ಹೊಳೆಯುವ ಕವರು, ಹಾಡಿನ ಪೆಟ್ಟಿಗೆ, ಬಣ್ಣದ ದೀಪಗಳಿಗೆ ಇದರ ಮೂರುಪಟ್ಟು ಸುರಿಯುವವರು ಟೈರಿನ ಮುಂದೆ ಮಾತ್ರ ಮಿತವ್ಯಯದ ಪಾಠ ಹೇಳುತ್ತಾರೆ.

ನನ್ನ ಎರಡನೆಯ ಜಗಳ ತರುಣರೊಡನೆ. "ಸರ, ದೊಡ್ಡ ಅಲಾಯ್ ಚಕ್ರ ಹಾಕಿಸಿರಿ, ಅಗಲ ಟೈರು ಹಾಕಿಸಿರಿ, ಗಾಡಿ ಕಣ್ಣಿಗೆ ತುಂಬತದ" ಎಂದು ನನ್ನ ಶಿಷ್ಯನೊಬ್ಬ ಪ್ರೀತಿಯಿಂದಲೇ ಒತ್ತಾಯಿಸಿದ. ಕಣ್ಣಿಗೆ ತುಂಬುತ್ತದೆ, ನಿಜ; ಸೊಂಟಕ್ಕೂ ತುಂಬುತ್ತದೆ. ನನ್ನ ಕಾರಿನ ಟೈರಿನ ಮೇಲೆ 155/80 ಆರ್ 13 ಎಂದು ಬರೆದಿದೆ. ಅಗಲ 155 ಮಿಲಿಮೀಟರ್; ಪಕ್ಕೆಯ ಎತ್ತರ ಅದರ ಶೇಕಡಾ 80, ಅಂದರೆ 124 ಮಿಲಿಮೀಟರ್; ಒಳಗಿನ ಚಕ್ರ 13 ಇಂಚು. ಅದರ ಬದಲು 175/60 ಆರ್ 15 ಹಾಕಿಸಿದರೆ ಪಕ್ಕೆಯ ಎತ್ತರ 105 ಮಿಲಿಮೀಟರಿಗೆ ಇಳಿಯುತ್ತದೆ. ಗುಂಡಿಗೂ ನಮ್ಮ ಬೆನ್ನಿಗೂ ನಡುವೆ ಇದ್ದ ಗಾಳಿಯ ಮೆತ್ತೆಯಲ್ಲಿ ಸುಮಾರು ಎರಡು ಸೆಂಟಿಮೀಟರನ್ನು ಕೈಯಾರೆ ಹಣ ಕೊಟ್ಟು ಕೊಯ್ಯಿಸಿಕೊಂಡಂತಾಯಿತು. ಅಗಲ ಹೆಚ್ಚಿದಂತೆ ಸದ್ದೂ ಹೆಚ್ಚುವುದು ಸಹಜ. ಯುರೋಪಿನ ನಿಯಮದಲ್ಲಿ ಕಾರಿನ 185 ಮಿಲಿಮೀಟರ್‌ವರೆಗಿನ ಟೈರಿಗೆ 70 ಡೆಸಿಬೆಲ್ ಮಿತಿ. ಅದಕ್ಕಿಂತ ಅಗಲವಾದವುಗಳಿಗೆ ಮಿತಿಯನ್ನೇ ಸಡಿಲಿಸಿದ್ದಾರೆ. ಆದ್ದರಿಂದ ತಯಾರಕರು ಕೊಟ್ಟ ಅಳತೆಯನ್ನು ಬಿಡಬೇಡಿರಿ. ಅದರ ಮುಂದಿನ 79ಟಿ ಎಂಬಂತಹ ಬರಹವನ್ನೂ ನೋಡಿರಿ: 79 ಎಂದರೆ ಒಂದು ಟೈರು 437 ಕಿಲೋಗ್ರಾಂ ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿಲೋಮೀಟರ್‌ವರೆಗೆ ಅದಕ್ಕೆ ಅನುಮತಿ. ಇವೆರಡರಲ್ಲೂ ಕಾರಿಗೆ ಹೇಳಿದ್ದಕ್ಕಿಂತ ಕೆಳಗಿಳಿಯಕೂಡದು.

ಮೂರನೆಯ ಜಗಳವೇ ಮುಖ್ಯವಾದುದು. ಅದು ಸರ್ಕಾರ ಮತ್ತು ತಯಾರಕರೊಡನೆ. ನಮ್ಮ ದೇಶದಲ್ಲಿ ನಿಯಮವಿಲ್ಲವೆಂದಲ್ಲ. ಉರುಳುವಾಗಿನ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಉರುಳುವ ಸದ್ದು ಈ ಮೂರಕ್ಕೂ ಎಐಎಸ್ 142 ಎಂಬ ಮಾನದಂಡವಿದೆ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಅದನ್ನು ಕಡ್ಡಾಯಗೊಳಿಸಿತು. ಒಳ್ಳೆಯದೇ. ಆದರೆ ಅದು ತೇರ್ಗಡೆಯ ಗೆರೆ ಮಾತ್ರ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಅಂಕ ಬಂದವನೂ ಪಾಸು, ತೊಂಬತ್ತೈದು ಬಂದವನೂ ಪಾಸು. ಅಂಕಪಟ್ಟಿಯನ್ನೇ ಕೊಡದೆ "ಪಾಸಾಗಿದ್ದಾನೆ, ಹೋಗಿ" ಎಂದು ಯಾವ ಶಾಲೆಯಾದರೂ ಹೇಳಿದ್ದರೆ ಪಾಲಕರು ಸುಮ್ಮನಿರುತ್ತಿದ್ದರೇ?

ಯುರೋಪಿನಲ್ಲಿ 2012ರಿಂದ ಟೈರಿನ ಚೀಟಿಯ ಮೇಲೆ ಸದ್ದನ್ನು ಡೆಸಿಬೆಲ್ ಲೆಕ್ಕದಲ್ಲಿ ಮುದ್ರಿಸುತ್ತಾರೆ. 2021ರ ಮೇ ತಿಂಗಳಿಂದ ಅದಕ್ಕೆ ಎ, ಬಿ, ಸಿ ಎಂಬ ಶ್ರೇಣಿಯನ್ನೂ ಕೊಟ್ಟಿದ್ದಾರೆ. ಮೂರು ಡೆಸಿಬೆಲ್ ವ್ಯತ್ಯಾಸವೆಂದರೆ ಶಬ್ದದ ಶಕ್ತಿ ಇಮ್ಮಡಿಯಾದಂತೆ ಎಂಬುದು ಭೌತಶಾಸ್ತ್ರ ಓದಿದ ನನ್ನ ಶಿಷ್ಯರಿಗೆ ನೆನಪಿರಬಹುದು. ಇಷ್ಟಾದರೂ ಅಲ್ಲಿ ಅಳೆಯುವುದು ದಾರಿಯ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವ ಸದ್ದನ್ನು, ಕಾರಿನೊಳಗಿನದನ್ನಲ್ಲ. ಆ ಚೀಟಿ ಪೂರ್ಣಸತ್ಯವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಅರ್ಧ ಸತ್ಯವೂ ಸಿಗದ ಅಂಗಡಿಯಲ್ಲಿ ನಿಂತವನಿಗೆ ಅದೇ ದೊಡ್ಡದು. ಅಳತೆ ಮಾಡಿಯೇ ಪ್ರಮಾಣಪತ್ರ ಪಡೆಯುವ ತಯಾರಕರ ಬಳಿ ಆ ಅಂಕಿ ಇದ್ದೇ ಇದೆ. ಅದನ್ನು ಕೊಳ್ಳುವವನಿಗೆ ತೋರಿಸಲು ಏನು ಅಡ್ಡಿ? ನಮ್ಮ ಎಲ್ಲ ಟೈರಿನ ಮೇಲೂ ಒದ್ದೆ ಹಿಡಿತದ ಶ್ರೇಣಿ ಹಾಗೂ ಸದ್ದಿನ ಅಂಕಿಯನ್ನು ಕನ್ನಡದಲ್ಲೂ ಮುದ್ರಿಸಿದ ಚೀಟಿ ಇರಬೇಕು. ಇದು ನನ್ನ ಬೇಡಿಕೆ.

ಎದುರುವಾದಗಳನ್ನು ನಾನು ಮರೆಮಾಚುವುದಿಲ್ಲ. ಮೃದುವಾದ ಟೈರು ಬೇಗ ಸವೆಯುತ್ತದೆ ಎನ್ನುತ್ತಾರೆ. ಹೌದು, ಅದರ ಲೆಕ್ಕವನ್ನು ಮೇಲೆಯೇ ಮಾಡಿದ್ದೇನೆ. ಪಕ್ಕೆ ಮೃದುವಾದರೆ ಚೂಪುಗಲ್ಲಿಗೆ ಸೀಳುತ್ತದೆ ಎನ್ನುತ್ತಾರೆ, ಇದರಲ್ಲಿ ಸತ್ಯಾಂಶವಿದೆ. ದಿನವೂ ಹೊಲದ ದಾರಿಯಲ್ಲಿ ಕಾರು ನುಗ್ಗಿಸುವವರು ಗಟ್ಟಿ ಪಕ್ಕೆಯದನ್ನೇ ಕೊಳ್ಳಲಿ. ಸದ್ದಿಲ್ಲದ ಟೈರಿಗೆ ಹಿಡಿತ ಕಡಿಮೆ ಎನ್ನುವುದು ಮಾತ್ರ ಸಾರ್ವತ್ರಿಕ ಸತ್ಯವಲ್ಲ. ಆದರೂ ಮಳೆಯಲ್ಲಿ ಬ್ರೇಕು ಹಿಡಿಯದ ಟೈರು ಎಷ್ಟೇ ಮೌನಿಯಾಗಿದ್ದರೂ ಅದನ್ನು ಮುಟ್ಟಬೇಡಿರಿ. ಮೊದಲು ಪ್ರಾಣ, ಆಮೇಲೆ ಕಿವಿ.

ಕೊಳ್ಳುವವರಿಗೆ ನಾಲ್ಕು ಮಾತು. ಮೊದಲನೆಯದು, ಹಳೆಯ ಟೈರು ಗುಂಯ್‌ಗುಡುತ್ತಿದ್ದರೆ ಕೈಯಿಂದ ಸವರಿ ನೋಡಿರಿ. ಗರಗಸದ ಹಲ್ಲಿನಂತೆ ಏರಿಳಿತವಿದ್ದರೆ ತಪ್ಪು ಅಲೈನ್‌ಮೆಂಟಿನದೂ ಆಗಿರಬಹುದು. ಅದನ್ನು ಸರಿಪಡಿಸದೆ ಹೊಸದು ಹಾಕಿಸಿದರೆ ಅದೂ ಕೆಲವೇ ತಿಂಗಳಲ್ಲಿ ಅದೇ ರಾಗ ಹಾಡುತ್ತದೆ. ಎರಡನೆಯದು, ಪಕ್ಕೆಯ ಮೇಲಿನ ತಯಾರಿಕೆಯ ನಾಲ್ಕಂಕಿ ಓದಿರಿ. 2324 ಎಂದಿದ್ದರೆ 2024ರ 23ನೆಯ ವಾರದ ಸರಕು. ಗೋದಾಮಿನಲ್ಲಿ ಮುದಿಯಾದದ್ದನ್ನು ಹೊಸದೆಂದು ಒಪ್ಪಿಕೊಳ್ಳಬೇಡಿರಿ. ಮೂರನೆಯದು, ಟ್ರೆಡ್ ನೋಡಿರಿ. ದೊಡ್ಡ ದೊಡ್ಡ ಒರಟು ಅಚ್ಚುಗಳಿಗಿಂತ, ಸಣ್ಣವೂ ಒಂದೇ ಅಳತೆಯಲ್ಲಿಲ್ಲದವೂ ಆದ ಅಚ್ಚುಗಳು ಸಾಮಾನ್ಯವಾಗಿ ಕಿವಿಗೆ ಹಿತ. ಅಳತೆ ಬೇರೆಬೇರೆಯಾದಾಗ ಸದ್ದು ಒಂದೇ ಸ್ವರದಲ್ಲಿ ಒಟ್ಟಾಗುವುದಿಲ್ಲ. ನಾಲ್ಕನೆಯದು, ಹವಾ. ಪಂಪಿನ ಹುಡುಗ ಕೇಳಿದಾಗ "ನಲವತ್ತು ಇರಲಿ ಬಿಡು" ಎನ್ನುವ ಚಾಳಿ ನಮ್ಮಲ್ಲಿ ಬಹಳ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟನ್ನೇ, ಟೈರು ತಣ್ಣಗಿದ್ದಾಗ ಹಾಕಿಸಿರಿ. ಅತಿಯಾಗಿ ಹವಾ ತುಂಬಿದರೆ ಎಷ್ಟು ದುಬಾರಿಯ ಮೃದು ಟೈರೂ ಕಲ್ಲಾಗುತ್ತದೆ. ಯಾವ ಕಂಪನಿ ಎಂದು ಕೇಳಬೇಡಿರಿ. ಒಂದೇ ಕಂಪನಿಯಲ್ಲಿ ಬಾಳಿಕೆಯ ಟೈರೂ ಇರುತ್ತದೆ, ಸುಖದ ಟೈರೂ ಇರುತ್ತದೆ. ಹೆಸರಿಗಿಂತ ಮಾದರಿ ಮುಖ್ಯ.

ಕೊನೆಯದಾಗಿ ಒಂದು ಮಾತು. ಭೀಮಸೇನ ಜೋಶಿಯವರು ಜನಿಸಿದ ನೆಲ ಇದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಿಗೆ ಕಿವಿಯ ಮೂಲಕ ಬದುಕು ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಇದು. ಕಿವಿಯ ಬೆಲೆಯನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ. ಬೆಟಗೇರಿಯ ಮಗ್ಗದ ಸದ್ದು ಅನ್ನ ಕೊಟ್ಟ ಸದ್ದು. ಅದಕ್ಕೆ ನಾನು ಕೈಮುಗಿಯುತ್ತೇನೆ. ಯಾರಿಗೂ ಏನನ್ನೂ ಕೊಡದ, ಮಾತನ್ನೂ ನಿದ್ರೆಯನ್ನೂ ಕಸಿಯುವ ಗದ್ದಲಕ್ಕೆ ಮಾತ್ರ ತಲೆಬಾಗಲಾರೆ. ಮುಂದಿನ ಸಲ ಟೈರಿನ ಅಂಗಡಿಗೆ ಹೋದಾಗ ಬೆಲೆ ಕೇಳುವುದಕ್ಕೆ ಮೊದಲು "ಇದರ ಸದ್ದು ಎಷ್ಟು?" ಎಂದು ಕೇಳಿರಿ. ಉತ್ತರ ಸಿಗದಿರಬಹುದು. ಹತ್ತು ಜನ ಕೇಳಿದರೆ ಅಂಗಡಿಯವನು ಕಂಪನಿಯನ್ನು ಕೇಳುತ್ತಾನೆ. ನೂರು ಜನ ಕೇಳಿದರೆ ಕಂಪನಿ ಚೀಟಿ ಅಂಟಿಸುತ್ತದೆ. ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲು ಹೆದರುತ್ತಿದ್ದವರು ಇಲ್ಲಿಂದಲಾದರೂ ಆರಂಭಿಸಿರಿ.