ತಲೆಸುತ್ತು, ಭಾಗ 3: ಎಲ್ಲಾ ಪಿತ್ತ ಅಲ್ಲ ಕಣ್ರೋ

"ಮಗ್ಗುಲು ಬದಲಿಸಿದ್ರೆ ಮನೆಯೇ ಗಿರ್ರನೆ ತಿರುಗುತ್ತೆ" ಅಂತ ಅಜ್ಜಿ ಅಂದ್ರೆ ಸಿಗೋ ಉತ್ತರ ಗೊತ್ತಲ್ಲ: ಪಿತ್ತ, ನಿಶ್ಶಕ್ತಿ, ಲೋ ಬಿಪಿ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ.

ಮಲಗುವಾಗ, ಹೊರಳುವಾಗ ಸುತ್ತು ಬಂದು ನಿಮಿಷದೊಳಗೆ ನಿಂತರೆ ಅದು ಬಹುತೇಕ ಬಿಪಿಪಿವಿ. ಒಳಗಿವಿಯ ಪುಟಾಣಿ ಕ್ಯಾಲ್ಸಿಯಂ ಹರಳುಗಳು ಜಾಗ ಬಿಟ್ಟು ಪಕ್ಕದ ಅರ್ಧವೃತ್ತ ನಾಳಕ್ಕೆ ಜಾರಿರುತ್ತವೆ. ಮಾತ್ರೆ ಅವನ್ನ ವಾಪಸ್ ಕರ್ಕೊಂಡು ಬರುತ್ತಾ? ಇಲ್ಲ. ತಲೆಯನ್ನು ಹೊರಳಿಸಿಯೇ ತರಬೇಕು. ತೊಂದರೆಯಿರುವ ಕಿವಿಯ ಕಡೆ 45 ಡಿಗ್ರಿ ತಿರುಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗುವಂತೆ ಮಲಗಿಸಿ, ನಿಧಾನಕ್ಕೆ ಇನ್ನೊಂದು ಕಡೆಗೆ, ಆಮೇಲೆ ಮಗ್ಗುಲಿಗೆ, ಕೊನೆಗೆ ಕೂರಿಸೋದು. ಹತ್ತು ನಿಮಿಷವೂ ಬೇಡ. ಅಮೆರಿಕದ ಜಾನ್ ಎಪ್ಲಿ 1980ರಲ್ಲೇ ಇದನ್ನು ತೋರಿಸಿದ್ರು, ನಾವಿನ್ನೂ ಸ್ಟ್ರಿಪ್ ಎಣಿಸ್ತಾ ಇದೀವಿ!

ವಾಕರಿಕೆ ಜೋರಿದ್ರೆ ಒಂದೆರಡು ದಿನ ಮಾತ್ರೆ, ಸರಿ. ಆದ್ರೆ ಸಿನ್ನರಿಜಿನ್‌ನಂಥದ್ದು ಮಂಪರು ತರಿಸುತ್ತೆ. ಮೊದಲೇ ಸುತ್ತೋ ಅಜ್ಜಿ ಮಂಪರಿನಲ್ಲಿ ರಾತ್ರಿ ಬಚ್ಚಲಿಗೆ ಎದ್ದು ಹೋಗಿ ಬಿದ್ರೆ, ಸೊಂಟ ಮುರಿದ್ರೆ?

(ಕಿವಿ ಗುಂಯ್‌ಗುಟ್ಟಿ ಗಂಟೆಗಟ್ಟಲೆ ಸುತ್ತಿದ್ರೆ ಅದು ಬೇರೆ ಕಾಯಿಲೆ. ಮಾತು ತೊದಲಿದ್ರೆ, ಕೈಕಾಲು ಸೋತ್ರೆ ನೇರ ಎಮರ್ಜೆನ್ಸಿಗೆ ಓಡಿ.)

ರೀಲ್ಸ್ ನೋಡ್ಕೊಂಡು ನೀವೇ ಅಜ್ಜಿ ಕತ್ತು ತಿರುಗಿಸೋಕೆ ಹೋಗ್ಬೇಡಿ ಮಾರಾಯ್ರೆ. ಇಎನ್‌ಟಿ ಹತ್ರ ಕರ್ಕೊಂಡು ಹೋಗಿ, ಚೀಟಿ ಬರೆಯೋ ಮುಂಚೆ ಕೇಳಿ: "ಡಾಕ್ಟ್ರೇ, ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡ್ತೀರಾ?"