ಎಡ-ಬಲಗಳನ್ನು ಬಲ್ಲ ಸೂಕ್ಷ್ಮಜೀವಿಗಳು

ಬಲಗಾಲಿನ ಕೆರವು ಎಡಗಾಲಿಗೆ ಒಗ್ಗುವದಿಲ್ಲ. ಅಳತೆ ಒಂದೇ, ತೊಗಲು ಒಂದೇ. ಆದರೂ ಒಂದು ಇನ್ನೊಂದರ ಕನ್ನಡಿಯ ಬಿಂಬದಂತಿರುವದು. ಮೊಸರಿಗೆ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲದ ಅಣುಗಳಲ್ಲಿಯೂ ಇಂಥ ಎರಡು ರೂಪಗಳುಂಟು. ಇವುಗಳಿಗೆ ಎಲ್ ಮತ್ತು ಡಿ ಸಮಾಂಗಿಗಳೆಂದು ಹೆಸರು. ಕುದಿಯುವ ಬಿಂದುವೂ ನೀರಿನಲ್ಲಿ ಕರಗುವ ಗುಣವೂ ಎರಡಕ್ಕೂ ಸಮನಾದುದರಿಂದ ಭಟ್ಟಿಯಿಳಿಸಿ ಇವನ್ನು ಬೇರ್ಪಡಿಸಲಾಗದು. ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಮಾತ್ರ ಭೇದವು ಬಯಲಾಗುವದು: ಒಂದು ಅದನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸುವದು.

ಈ ಭೇದವನ್ನರಿತ ಇನ್ನೊಬ್ಬ ಪರೀಕ್ಷಕನೆಂದರೆ ಸೂಕ್ಷ್ಮಜೀವಿ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಎರಡು ರೂಪಗಳ ಮಿಶ್ರಣದಲ್ಲಿ ಬೆಳೆದ ಸೂಕ್ಷ್ಮಜೀವಿ ಬಲರೂಪವನ್ನು ತಿಂದು ಎಡರೂಪವನ್ನು ಉಳಿಸುವದೆಂದು ಲೂಯಿ ಪಾಸ್ತರನು 1858ರಲ್ಲಿ ತಿಳಿಸಿದನು. ಈ ಯುಕ್ತಿ ಲ್ಯಾಕ್ಟಿಕ್ ಆಮ್ಲಕ್ಕೂ ಸಲ್ಲುವದು. ಆದರೆ ಅರ್ಧ ಸರಕು ಜೀವಿಯ ಹೊಟ್ಟೆಗೇ ಹೋಗುವದು. ಆದುದರಿಂದ ಮೊದಲಿನಿಂದಲೇ ಒಂದೇ ರೂಪವನ್ನು ತಯಾರಿಸುವ ಜೀವಿಯನ್ನು ಆರಿಸುವದು ಲೇಸು. ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಬಹುತೇಕ ಎಲ್ ರೂಪವನ್ನು, ಬಲ್ಗಾರಿಕಸ್ ಡಿ ರೂಪವನ್ನು, ಪ್ಲಾಂಟೇರಮ್ ಎರಡನ್ನೂ ಕೊಡುವವು. ಎಂಥ ಹೆಪ್ಪೋ ಅಂಥ ಆಮ್ಲ!

ಈ ಶುದ್ಧತೆಯಿಂದ ಏನು ಲಾಭ? ಹಸುಗೂಸುಗಳ ಆಹಾರದಲ್ಲಿ ಡಿ ರೂಪವು ಸಲ್ಲದು. ಶುದ್ಧ ಎಲ್ ರೂಪದಿಂದ ಕಟ್ಟಿದ ಪ್ಲಾಸ್ಟಿಕ್ ಸ್ಫಟಿಕವಾಗಿ ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವದು. ಎರಡೂ ಅಡ್ಡಾದಿಡ್ಡಿಯಾಗಿ ಸಮಪಾಲು ಬೆರೆತದ್ದು ಸ್ಫಟಿಕವಾಗದೆ ಸುಮಾರು 60 ಡಿಗ್ರಿಯಲ್ಲಿಯೇ ಮೆತ್ತಗಾಗುವದು. ಇಂಥ ಪ್ಲಾಸ್ಟಿಕನ್ನು ಕಬ್ಬಿನಿಂದ ತಯಾರಿಸುವ ಯೋಜನೆಯನ್ನು ಬಲರಾಂಪುರ ಚೀನೀ ಮಿಲ್ಸ್ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು. ಬಬಲೇಶ್ವರದ ಸೀಮೆಯಲ್ಲಿ ಕಬ್ಬಿದೆ, ತಿಕೋಟೆಯಲ್ಲಿ ದ್ರಾಕ್ಷಿಯಿದೆ. ವಿಜಯಪುರದ ತರುಣರಲ್ಲಿ ಇವನ್ನು ಬಳಸುವ ವಿದ್ಯೆಯೂ ಇರಬೇಡವೆ?

ಆ ವಿದ್ಯೆ ಬಾರದಂತೆ ಅಡ್ಡ ನಿಂತಿರುವದು ವಿಷಯಗಳ ನಡುವಿನ ಗೋಡೆಯೆಂದು ನನ್ನ ಅಭಿಪ್ರಾಯ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪೋಲಾರಿಮೀಟರು ಸಕ್ಕರೆಯ ದ್ರಾವಣವೊಂದನ್ನು ಅಳೆದು ಕಪಾಟನ್ನು ಸೇರುವದು. ಜೀವಶಾಸ್ತ್ರದ ವಿದ್ಯಾರ್ಥಿ ಅದನ್ನು ಕಾಣನು. ಈ ಪದ್ಧತಿ ಬದಲಾಗಬೇಕು. ಮಾರಾಟಕ್ಕೆ ಬಾರದ ಒಣದ್ರಾಕ್ಷಿಯ ರಸದಲ್ಲಿ ಜೀವಶಾಸ್ತ್ರದವರು ರಾಮ್ನೋಸಸನ್ನು ಬೆಳೆಸಲಿ. ಉಳಿದ ಸಕ್ಕರೆಯು ಅಳತೆಯನ್ನು ಕೆಡಿಸುವದರಿಂದ ರಸಾಯನಶಾಸ್ತ್ರದವರು ಆಮ್ಲವನ್ನು ಸತುವಿನ ಲವಣವಾಗಿ ಸ್ಫಟಿಕೀಕರಿಸಿ ಕೊಡಲಿ. ಭೌತಶಾಸ್ತ್ರದವರು ಅದರ ಭ್ರಮಣೆಯನ್ನು ಅಳೆಯಲಿ.

ಅಲ್ಲಿ ಒಂದು ಕೌತುಕ ಕಾದಿದೆ. ಎಲ್ ಆಮ್ಲವು ಬೆಳಕನ್ನು ಬಲಕ್ಕೆ ತಿರುಗಿಸಿದರೆ, ಅದರ ಸತುವಿನ ಲವಣವು ಎಡಕ್ಕೆ ತಿರುಗಿಸುವದು! ಎಲ್, ಡಿ ಎಂಬ ಅಕ್ಷರಗಳು ಅಣುವಿನ ರಚನೆಯನ್ನು ಹೇಳುವವೇ ಹೊರತು ಬೆಳಕು ತಿರುಗುವ ದಿಕ್ಕನ್ನಲ್ಲ. ತಿರುಗುವ ಕೋನವು ಒಂದು ಡಿಗ್ರಿಗೂ ಕಡಿಮೆಯಾದುದರಿಂದ ತಾಳ್ಮೆಯ ಕಣ್ಣು ಬೇಕು. ಪುಸ್ತಕದ ಹತ್ತು ಪುಟಗಳು ಕಲಿಸದ್ದನ್ನು ಆ ಒಂದು ಅಳತೆ ಕಲಿಸಬಲ್ಲದು. ವಿದ್ಯಾರ್ಥಿಗಳೆ, ನಿಮ್ಮ ಅಧ್ಯಾಪಕರನ್ನು ಈ ಪ್ರಯೋಗಕ್ಕಾಗಿ ಕೇಳಿರಿ. ಕೇಳುವವರಿದ್ದರೆ ಗೋಡೆಗಳಲ್ಲಿಯೂ ಬಾಗಿಲು ಮೂಡುವದು.