ತಟ್ಟೆಯಲ್ಲಿ ಉಳಿದದ್ದು

ಹಳೆಯ ಉಡುಪಿ ಹೋಟೆಲುಗಳಲ್ಲಿ ಧಣಿಗಳು ಗಲ್ಲಾದಲ್ಲಿ ಕೂತು ಎರಡು ಕೆಲಸ ಮಾಡುತ್ತಿದ್ದರು. ಒಂದು, ಹಣ ಎಣಿಸುವುದು. ಇನ್ನೊಂದು ಗಿರಾಕಿಗಳಿಗೆ ಗೊತ್ತಾಗುತ್ತಿರಲಿಲ್ಲ. ಕ್ಲೀನರ್ ಹುಡುಗ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ಧಣಿಗಳ ಕಣ್ಣು ಆ ತಟ್ಟೆಗಳ ಮೇಲಿರುತ್ತಿತ್ತು. ಸಾಲಾಗಿ ನಾಲ್ಕು ತಟ್ಟೆಗಳಲ್ಲಿ ಚಟ್ನಿ ಹಾಗೆಯೇ ಉಳಿದಿದ್ದರೆ ಅವರು ಎದ್ದು ಅಡುಗೆ ಕೋಣೆಗೆ ಹೋಗುತ್ತಿದ್ದರು. ಯಾರೂ ಬಾಯಿ ಬಿಟ್ಟು ದೂರು ಹೇಳಬೇಕಾಗಿರಲಿಲ್ಲ.

ಈಗಿನ ಅನೇಕ ವ್ಯಾಪಾರಗಳಿಗೆ ಗಲ್ಲಾವೇ ಇಲ್ಲ. ಮಣಿಪಾಲದಲ್ಲಿ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿ ಅಂಗಿಗಳ ಮೇಲೆ ಚಿತ್ರ ಅಚ್ಚು ಹಾಕಿಸಿ ಮಾರುತ್ತಾನೆ. ಕಾಪುವಿನ ಗೃಹಿಣಿ ಉಪ್ಪಿನಕಾಯಿ ಮಾಡಿ ಪುಣೆಗೆ ಪಾರ್ಸೆಲ್ ಕಳಿಸುತ್ತಾರೆ. ಮೊಬೈಲಿನಲ್ಲಿ ಆರ್ಡರ್ ಬರುತ್ತದೆ, ಮೊಬೈಲಿನಲ್ಲೇ ಹಣವೂ ಬರುತ್ತದೆ. ಪುಣೆಯ ತಟ್ಟೆಯಲ್ಲಿ ಏನು ಉಳಿಯಿತು ಎಂಬುದು ಮಾತ್ರ ಕಾಣುವುದಿಲ್ಲ. ಹೀಗಿರುವಾಗ ಗಿರಾಕಿಗಳನ್ನೆಲ್ಲ ಒಂದು ಕಡೆ ಸೇರಿಸಿ, ಅವರು ನಮ್ಮೊಡನೆಯೂ ತಮ್ಮತಮ್ಮೊಳಗೂ ಮಾತಾಡುವಂತೆ ಮಾಡಿದರೆ ಲಾಭವೇ, ಅಥವಾ ಇರುವ ಕೆಲಸದ ಮೇಲೆ ಇನ್ನೊಂದು ತಲೆನೋವೇ? ವಾಣಿಜ್ಯದ ಮೇಷ್ಟ್ರುಗಳು ಉತ್ತರಿಸಬೇಕಾದ ಪ್ರಶ್ನೆಯಿದು, ನಿಜ. ಆದರೆ ಇದರೊಳಗೆ ವಿಜ್ಞಾನದ ಪಾಠವೂ ಇದೆ. ಆದ್ದರಿಂದ ನಾನೂ ಸ್ವಲ್ಪ ಮೂಗು ತೂರಿಸುತ್ತೇನೆ.

ಕಾರ್ಕಳದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿಎಸ್ಸಿ ಮುಗಿಸಿ ತಾಯಿಯೊಂದಿಗೆ ಹಲಸಿನಕಾಯಿ ಹಪ್ಪಳದ ವ್ಯಾಪಾರ ಹಿಡಿದಳು. ಬಿಸಿಲು ಕೈಕೊಟ್ಟರೂ ಹಪ್ಪಳ ಒಣಗಬೇಕೆಂದು ಡ್ರೈಯರ್ ಕೊಂಡರು. ಅದಕ್ಕಾಗಿ ತಾಯಿಯ ಎರಡು ಬಳೆ ಸೊಸೈಟಿಯಲ್ಲಿ ಅಡವು ಬಿದ್ದವು. ಒಂದು ದಿನ ಆ ತಾಯಿ ನನಗೆ ಫೋನು ಮಾಡಿ, "ಮಾಷ್ಟ್ರೇ, ಇವಳು ಹೊತ್ತಿಡೀ ಮೊಬೈಲ್ ಹಿಡ್ಕೊಂಡು ಗಿರಾಕಿಗಳ ಹತ್ತಿರ ಪಟ್ಟಾಂಗ ಹೊಡೀತಾಳೆ. ಹಪ್ಪಳ ಒತ್ತುವುದು ನಾನೊಬ್ಬಳೇ. ನೀವಾದರೂ ಒಂದು ಮಾತು ಹೇಳಿ" ಎಂದರು. ಮಾತು ಹೇಳುವ ಮೊದಲು ಕೇಳೋಣ ಎಂದುಕೊಂಡು ಹೋದೆ.

ಹುಡುಗಿ ತನ್ನ ನೋಟು ಪುಸ್ತಕ ತೆಗೆದು ತೋರಿಸಿದಳು. ಮೊದಲ ವರ್ಷ ಗಿರಾಕಿಗಳು ಒಬ್ಬೊಬ್ಬರಾಗಿ ಫೋನು ಮಾಡುತ್ತಿದ್ದರು. ಒಬ್ಬರು ಉಪ್ಪು ಹೆಚ್ಚೆಂದರು, ಇವಳು ಕಡಿಮೆ ಮಾಡಿದಳು. ಮುಂದಿನ ವಾರ ಇನ್ನೊಬ್ಬರು ಸಪ್ಪೆಯೆಂದರು, ಹೆಚ್ಚಿಸಿದಳು. ಹೀಗೆ ಉಪ್ಪು ಉಯ್ಯಾಲೆಯಾಡಿತು. ಬಚ್ಚಲಿನಲ್ಲಿ ಗೀಸರಿನ ನಲ್ಲಿ ತಿರುಗಿಸಿದವರಿಗೆ ಇದರ ಅನುಭವ ಇದ್ದೀತು. ನೀರು ತಣ್ಣಗಿದೆಯೆಂದು ಬಿಸಿಯ ಕಡೆ ತಿರುಗಿಸುತ್ತೀರಿ. ಬಿಸಿ ನೀರು ಕೊಳವೆಯಲ್ಲಿ ಬರಲು ಅರ್ಧ ನಿಮಿಷ ಬೇಕು. ತಾಳ್ಮೆಯಿಲ್ಲದೆ ಇನ್ನಷ್ಟು ತಿರುಗಿಸುತ್ತೀರಿ, ಆಮೇಲೆ ಮೈ ಸುಡುತ್ತದೆ. ಫಲಿತಾಂಶವನ್ನು ನೋಡಿ ಕೆಲಸವನ್ನು ತಿದ್ದುವ ಈ ಕ್ರಮಕ್ಕೆ ವಿಜ್ಞಾನದಲ್ಲಿ ಮರುಮಾಹಿತಿ, ಅಂದರೆ ಫೀಡ್‌ಬ್ಯಾಕ್, ಎನ್ನುತ್ತಾರೆ. ಮಾಹಿತಿ ತಡವಾಗಿ ಬಂದಾಗ ದೊಡ್ಡ ತಿದ್ದುಪಡಿ ಮಾಡಿದರೆ ವ್ಯವಸ್ಥೆ ಸ್ಥಿರವಾಗುವ ಬದಲು ತೂಗಾಡತೊಡಗುತ್ತದೆ. ಒಬ್ಬ ಗಿರಾಕಿಯ ಮಾತಿಗೆ ಪಾಕ ಬದಲಿಸುವುದೆಂದರೆ ಇದೇ.

ಎರಡನೆಯ ಮಳೆಗಾಲದಲ್ಲಿ ಅವಳು ಗಿರಾಕಿಗಳ ಒಂದು ವಾಟ್ಸಾಪ್ ಗುಂಪು ಮಾಡಿದಳು. ಜುಲೈಯಲ್ಲಿ ಮಂಗಳೂರಿನವರೊಬ್ಬರು ಹಪ್ಪಳ ಮೆತ್ತಗಾಗಿ ಬೂಸ್ಟು ಹಿಡಿಯಿತೆಂದು ಬರೆದರು. ಹಿಂದಿನ ವರ್ಷವೂ ಇಂಥ ದೂರು ಬಂದಿತ್ತು. ಆಗ ಇವಳು ಕ್ಷಮೆ ಕೇಳಿ ಬೇರೆ ಕಟ್ಟು ಕಳಿಸಿ ಸುಮ್ಮನಾಗಿದ್ದಳು. ಈ ಸಲ ಏನಾಯಿತೆಂದರೆ, ಮುಂಬೈಯವರು "ನಮ್ಮದೂ ಹಾಗೆಯೇ" ಎಂದರು. ಬೆಂಗಳೂರಿನ ಇಬ್ಬರು "ನಮಗೆ ಏನೂ ತೊಂದರೆಯಿಲ್ಲ, ಎರಡು ತಿಂಗಳಿಂದ ತಿನ್ನುತ್ತಿದ್ದೇವೆ" ಎಂದರು. ಹುಬ್ಬಳ್ಳಿಯವರೂ ಚೆನ್ನಾಗಿದೆ ಎಂದರು. ದೂರು ಕೊಟ್ಟವರೆಲ್ಲ ಕಡಲ ಬದಿಯವರು!

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಕಾರಣ ಪತ್ತೆಯಾದದ್ದು ಮಂಗಳೂರಿನವರ ದೂರಿನಿಂದ ಅಲ್ಲ, ಹುಬ್ಬಳ್ಳಿಯವರು "ಚೆನ್ನಾಗಿದೆ" ಎಂದದ್ದರಿಂದ. ಪ್ರಯೋಗಶಾಲೆಯಲ್ಲಿ ಎರಡು ಗಿಡ ಇಟ್ಟು ಒಂದಕ್ಕೆ ಮಾತ್ರ ಗೊಬ್ಬರ ಹಾಕುತ್ತೇವಲ್ಲ, ಗೊಬ್ಬರ ಹಾಕದ ಗಿಡವಿಲ್ಲದಿದ್ದರೆ ಪ್ರಯೋಗಕ್ಕೆ ಅರ್ಥವಿಲ್ಲ. ಆದರೆ ವ್ಯಾಪಾರದಲ್ಲಿ ತೃಪ್ತಿಯಾದ ಗಿರಾಕಿ ಫೋನು ಮಾಡಿ "ಇವತ್ತೂ ಹಪ್ಪಳ ಸರಿಯಾಗಿತ್ತು" ಎಂದು ಹೇಳುವುದಿಲ್ಲ. ಪಕ್ಕದವನು ದೂರಿದಾಗ ಮಾತ್ರ ಅವನು ಬಾಯಿ ತೆರೆಯುತ್ತಾನೆ. ಒಬ್ಬೊಬ್ಬರೊಡನೆ ಬೇರೆ ಬೇರೆ ಮಾತಾಡುವ ವ್ಯಾಪಾರಿಗೆ ಈ ಲಾಭ ಎಂದೂ ಸಿಗದು.

ಮುಂದಿನದು ಸುಲಭ. ಹಪ್ಪಳ ಗಾಳಿಯಿಂದ ತೇವ ಹೀರುವ ವಸ್ತು. ನೂರರ ಕಟ್ಟು ಬಿಚ್ಚಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಬೆಂಗಳೂರಿನ ಗಾಳಿಯಲ್ಲಿ ಬಾಳುತ್ತದೆ, ಕರಾವಳಿಯ ಆಷಾಢದಲ್ಲಿ ಬಾಳುವುದಿಲ್ಲ. ಹಿಟ್ಟಿನಲ್ಲಿ ದೋಷವಿರಲಿಲ್ಲ, ಡ್ರೈಯರಿನಲ್ಲೂ ಇರಲಿಲ್ಲ. ಇಪ್ಪತ್ತೈದರ ನಾಲ್ಕು ಸಣ್ಣ ಕಟ್ಟು ಮಾಡಿದಳು, ಅಷ್ಟೆ. ಅದಕ್ಕೆ ಮೊದಲು ತಾಯಿ ಇನ್ನೂ ದೊಡ್ಡ ಡ್ರೈಯರ್ ಕೊಳ್ಳುವ ಯೋಚನೆಯಲ್ಲಿದ್ದರು. ಮೂರನೆಯ ಬಳೆಯೂ ಸೊಸೈಟಿಗೆ ಹೋಗುತ್ತಿತ್ತು.

ಗಿರಾಕಿಯ ಮಾತು ಕೇಳುವುದು ನಮ್ಮ ಊರಿಗೆ ಹೊಸತೇನಲ್ಲ. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪದ್ಧತಿ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಏಜೆಂಟರು ಎರಡಾಣೆಯ ಜೊತೆ ಜನರ ಕಷ್ಟಸುಖವನ್ನೂ ಕೇಳಿಕೊಂಡು ಹೋಗುತ್ತಿದ್ದರು. ಇನ್ನು, ಗಿರಾಕಿಗಳು ತಾವಾಗಿಯೇ ಒಟ್ಟಾಗಿ ಮಾತಾಡಿದರೆ ಏನಾಗುತ್ತದೆಂಬುದನ್ನು 1980ರ ದಶಕದಲ್ಲಿ ಬಸ್ರೂರಿನ ಬಳಕೆದಾರರ ವೇದಿಕೆ ಮತ್ತು ಡಾ. ರವೀಂದ್ರನಾಥ ಶಾನುಭಾಗರು ಈ ಜಿಲ್ಲೆಗೆ ತೋರಿಸಿಕೊಟ್ಟಿದ್ದಾರೆ. ಹೆತ್ತವರಲ್ಲಿ ಅನೇಕರಿಗೆ ಅದು ನೆನಪಿದ್ದೀತು.

ಎರಡನೆಯ ಲಾಭ ನಂಬಿಕೆ. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲದಕ್ಕೂ ಸಾಧಾರಣ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಬರುವುದಿಲ್ಲ, ಕೊನೆಗೆ ಕೆಟ್ಟ ಕಾರುಗಳೇ ಸಂತೆಯಲ್ಲಿ ಉಳಿಯುತ್ತವೆ. 2001ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಅವರೊಬ್ಬರು. ದೂರದ ಗಿರಾಕಿಗೆ ಮಾರುವವರೆಲ್ಲರ ಕಷ್ಟವೂ ಇದೇ. ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ ಹರಾಜು ಸಂಸ್ಥೆ, ಮುಂದೆ ಇಬೇ ಎಂದು ಹೆಸರಾದದ್ದು, ಮರುವರ್ಷವೇ ಕೊಂಡವರೂ ಮಾರಿದವರೂ ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಬರೆಯುವ ಏರ್ಪಾಟು ಮಾಡಿತು. ಮುಖ ನೋಡದವರು ಹಣ ಕಳಿಸುವ ಧೈರ್ಯ ಮಾಡಿದ್ದು ಆ ಬರಹಗಳನ್ನು ನೋಡಿ.

ನಮ್ಮಲ್ಲಿಯೂ ಅಕರ್ಲಾಫರ ಕಾರಿನಂಥ ವಸ್ತುಗಳಿವೆ. ಕಾಪು ತಾಲೂಕಿನ ಮಟ್ಟುವಿನಲ್ಲಿ ಬೆಳೆಯುವ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಪೇಟೆಯಲ್ಲಿ ಬೇರೆ ಊರಿನ ಉರುಟು ಬದನೆಯೂ ಮಟ್ಟುಗುಳ್ಳದ ಹೆಸರು ಹೊತ್ತು ಕುಳಿತಿರುತ್ತದೆ. ಬೆಳೆಗಾರರು ಗುಳ್ಳಕ್ಕೆ ಚೀಟಿ ಅಂಟಿಸಿ ಮಾರತೊಡಗಿದ್ದು ಇದಕ್ಕಾಗಿಯೇ. ಚೀಟಿಯನ್ನೂ ನಕಲು ಮಾಡಬಹುದು ಅನ್ನಿ. ಆದರೆ ಹುಳಿಯಲ್ಲಿ ಬೆಂದ ಹೋಳು ಹೇಗಿರಬೇಕು ಎಂದು ಬಲ್ಲ ಹತ್ತು ಗಿರಾಕಿಗಳು ಮಾತಾಡತೊಡಗಿದರೆ ಆ ಮಾತನ್ನು ನಕಲು ಮಾಡುವುದು ಕಷ್ಟ.

ಉಡುಪಿ ಸೀರೆಯ ಕತೆ ಇನ್ನೂ ಸೂಕ್ಷ್ಮ. 2016ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಬಂತು. ಆ ಹೊತ್ತಿಗೆ ಮಗ್ಗದ ಮುಂದೆ ಉಳಿದವರು ಬೆರಳೆಣಿಕೆಯಷ್ಟು ಮಂದಿ, ಹೆಚ್ಚಿನವರು ವಯಸ್ಸಾದವರು. ಕಾರ್ಕಳದ ಕದಿಕೆ ಟ್ರಸ್ಟ್ ಮತ್ತು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಸೇರಿ ಈ ನೇಯ್ಗೆಗೆ ಮರುಜೀವ ಕೊಡಲು ದುಡಿದಿವೆ. ಸೀರೆಯೊಡನೆ ನೇಯ್ದವರ ಹೆಸರನ್ನೂ ಗಿರಾಕಿಗೆ ತಿಳಿಸುವ ಕ್ರಮ ತಂದರು. ಯಂತ್ರದ ಮಗ್ಗದ ಸೀರೆ ಅಗ್ಗ. ಕೈಮಗ್ಗದ ಹತ್ತಿ ಸೀರೆಗೆ ಬೆಲೆ ಯಾಕೆ ಹೆಚ್ಚು, ಮೊದಲ ಸಲ ಹೇಗೆ ಒಗೆಯಬೇಕು, ಗಂಜಿ ಎಷ್ಟು ಹಾಕಬೇಕು ಎಂಬುದನ್ನು ಸೀರೆ ಉಟ್ಟವರೇ ಇನ್ನೊಬ್ಬರಿಗೆ ಹೇಳಿದರೆ ಅದು ಜಾಹೀರಾತಿಗಿಂತ ಬೇಗ ಮನಸ್ಸಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ಅಳತೆಗೋಲು: ಕೊಂಡವರಿಗೆ ಪರಸ್ಪರ ಹೇಳಿಕೊಳ್ಳಲು ಏನಾದರೂ ಇದೆಯೇ? ಸೀರೆ, ಉಪ್ಪಿನಕಾಯಿ, ಮಲ್ಲಿಗೆ ಗಿಡ, ಪುಸ್ತಕ, ಇವುಗಳ ಬಗ್ಗೆ ಇದೆ. ಮೊಬೈಲಿನ ಕವರಿನ ಬಗ್ಗೆ ಏನು ಮಾತಾಡುವುದು? ಅಂಥ ವ್ಯಾಪಾರಕ್ಕೆ ಗಿರಾಕಿಗಳ ಕೂಟ ಕಟ್ಟುವುದು ದಂಡ. ಎರಡು ದಿನದಲ್ಲಿ ಅಲ್ಲಿ ಶುಭೋದಯದ ಚಿತ್ರಗಳಷ್ಟೇ ಉಳಿಯುತ್ತವೆ.

ಇನ್ನು ಖರ್ಚಿನ ಕಡೆ. ಪಿಯುಸಿ ವಿದ್ಯಾರ್ಥಿಗಳು ಕೈಕುಲುಕುವ ಲೆಕ್ಕ ಮಾಡಿರುತ್ತೀರಿ. 10 ಜನರಿದ್ದರೆ 45 ಜೋಡಿ, 50 ಜನರಿದ್ದರೆ 1,225 ಜೋಡಿ, 200 ಜನರಿದ್ದರೆ 19,900 ಜೋಡಿ. ಜನ ನಾಲ್ಕು ಪಟ್ಟಾದರೆ ಜೋಡಿಗಳು ಹೆಚ್ಚುಕಡಿಮೆ ಹದಿನಾರು ಪಟ್ಟು. ಗಿರಾಕಿಗಳ ಗುಂಪಿನ ಬೆಲೆಯೂ ಹೀಗೆಯೇ ಏರುತ್ತದೆಂದು ಕೆಲವರು ಹುರುಪಿನಿಂದ ಬರೆಯುತ್ತಾರೆ. ಜಗಳವೂ ಅದೇ ಸೂತ್ರದಿಂದ ಏರುತ್ತದೆಂಬುದನ್ನು ಅವರು ಬರೆಯುವುದಿಲ್ಲ! ಒಬ್ಬ ಸಿಟ್ಟಿನ ಗಿರಾಕಿ ಫೋನಿನಲ್ಲಿ ಬೈದರೆ ಒಬ್ಬರಿಗೆ ಕೇಳುತ್ತದೆ, ಗುಂಪಿನಲ್ಲಿ ಬೈದರೆ ಇನ್ನೂರು ಮಂದಿಗೆ. ಉತ್ತರ ತಡವಾದರೆ ಮೌನವೇ ಒಪ್ಪಿಗೆಯಾಗುತ್ತದೆ. ದಿನಕ್ಕೆ ಒಂದು ಗಂಟೆ ಇದಕ್ಕೇ ಬೇಕು. ಒಬ್ಬರೋ ಇಬ್ಬರೋ ನಡೆಸುವ ವ್ಯಾಪಾರದಲ್ಲಿ ಆ ಗಂಟೆ ಸರಕು ಮಾಡುವ ಹೊತ್ತಿನಿಂದಲೇ ಬರಬೇಕು. ಆ ತಾಯಿಯ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

ಮಾತಾಡುವವರನ್ನೇ ಎಲ್ಲರೆಂದು ತಿಳಿಯುವ ಅಪಾಯವೂ ಇದೆ. ತರಗತಿಯಲ್ಲಿ ಕೈಯೆತ್ತುವ ಐದು ಮಕ್ಕಳ ಉತ್ತರ ಕೇಳಿ ಇಡೀ ತರಗತಿಗೆ ಪಾಠ ಅರ್ಥವಾಯಿತೆಂದು ಮುಂದೆ ಹೋಗುವ ಮೇಷ್ಟ್ರಿಗೆ ಪರೀಕ್ಷೆಯ ದಿನ ಗೊತ್ತಾಗುತ್ತದೆ. ಬಹಳ ಖುಷಿಯಾದವರೂ ಬಹಳ ಬೇಸರವಾದವರೂ ಮೊದಲು ಮಾತಾಡುತ್ತಾರೆ, ನಡುವಿನವರು ಸುಮ್ಮನಿರುತ್ತಾರೆ. ಆದ್ದರಿಂದ ತಿಂಗಳಿಗೊಮ್ಮೆ ಪಟ್ಟಿಯಲ್ಲಿ ಪ್ರತಿ ಹತ್ತನೆಯವರಿಗೆ ಫೋನು ಮಾಡಿ ಕೇಳು ಎಂದು ನಾನು ಆ ಹುಡುಗಿಗೆ ಹೇಳಿದೆ. "ಹತ್ತನೆಯವರೇ ಯಾಕೆ ಸರ್?" ಎಂದಳು. ನಮಗೆ ಬೇಕಾದವರನ್ನು ಆರಿಸಿಕೊಳ್ಳುವ ಆಸೆ ತಪ್ಪಲಿ ಎಂದು.

ಸಾಧಾರಣ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆಂಬುದನ್ನು ಹೆಣ್ಣುಮಕ್ಕಳ ಹೆತ್ತವರು ವಿಶೇಷವಾಗಿ ಗಮನಿಸಬೇಕು. ಕೇಳದೆ ಯಾರನ್ನೂ ಸೇರಿಸಬಾರದು. ಪ್ರತಿಸ್ಪರ್ಧಿಯೂ ಗಿರಾಕಿಯ ವೇಷದಲ್ಲಿ ಒಳಗೆ ಕೂತಿರಬಹುದು, ಪಾಕದ ಗುಟ್ಟು ಅಲ್ಲಿ ಬಿಚ್ಚಬೇಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರಲ್ಲಿ ಇ-ವಾಣಿಜ್ಯ ನಿಯಮಗಳು ಬಂದವು. ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎನ್ನುವುದು ಅಲ್ಲಿಯ ಅಳತೆ. ಮಾರುವವರು ತಾವೇ ಗಿರಾಕಿಗಳೆಂದು ನಟಿಸಿ ಹೊಗಳಿಕೆ ಬರೆಯುವಂತಿಲ್ಲ. ಅಣ್ಣ, ಅತ್ತಿಗೆ, ಚಿಕ್ಕಮ್ಮನ ಮಗ ಎಂದು ಹತ್ತು ಮಂದಿಯಿಂದ ಹೊಗಳಿಕೆ ಬರೆಸುವ ಚಾಳಿ ನಮ್ಮಲ್ಲಿ ಇದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಗಿರಾಕಿಗಳ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಬಗ್ಗೆಯೇ ಒಂದು ಮಾನಕ ಹೊರಡಿಸಿದೆ, ಐಎಸ್ 19000 ಎಂದು. ಇದನ್ನು ಓದುವ ಮಕ್ಕಳು ಮುಂದೆ ವ್ಯಾಪಾರಕ್ಕಿಳಿದರೆ ನೆನಪಿಟ್ಟುಕೊಳ್ಳಲಿ.

ಹಾಗಾದರೆ ಯಾವಾಗ ಆರಂಭಿಸಬೇಕು? ಮೊದಲ ದಿನವೇ ಬೇಡ. ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲ, ಖಾಲಿ ಗುಂಪಿನಲ್ಲಿ ಯಾರೂ ಮಾತಾಡುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ ಕೊಂಡ ಮೂವತ್ತು ನಲವತ್ತು ಮಂದಿ ಆಗುವವರೆಗೆ ಒಂದು ನೋಟು ಪುಸ್ತಕ ಸಾಕು. ಯಾರು, ಯಾವ ಊರು, ಯಾವ ತಾರೀಕು, ಏನು ಹೇಳಿದರು, ಈ ನಾಲ್ಕು ಅಂಕಣ. ಊರಿನ ಅಂಕಣ ಇಲ್ಲದಿದ್ದರೆ ಹಪ್ಪಳದ ತೇವದ ಗುಟ್ಟು ಬಯಲಾಗುತ್ತಿರಲಿಲ್ಲ.

ಈಗ ಆ ಮನೆಯಲ್ಲಿ ಮೊಬೈಲಿಗೆ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಹೊತ್ತು. ತಾಯಿಯೂ ಪಕ್ಕದಲ್ಲಿ ಕೂತು ಓದಿಸಿಕೊಳ್ಳುತ್ತಾರಂತೆ. ಮೊನ್ನೆ ಗಿರಾಕಿಗಳೆಲ್ಲ ಸೇರಿ, ನಾವು ಇಷ್ಟು ಮಂದಿ ಒಟ್ಟಿಗೆ ಕೊಳ್ಳುತ್ತೇವೆ, ನೂರಕ್ಕೆ ಇಪ್ಪತ್ತು ರೂಪಾಯಿ ಇಳಿಸಿ ಎಂದು ಕೇಳಿದ್ದಾರೆ. ಒಟ್ಟಿಗೆ ಮಾತಾಡಲು ಕಲಿತವರು ಒಟ್ಟಿಗೆ ಚೌಕಾಸಿಯನ್ನೂ ಮಾಡುತ್ತಾರೆ! ಇಳಿಸಬೇಕೇ ಬೇಡವೇ ಎಂದು ತಾಯಿ ಮಗಳು ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಸೊಸೈಟಿಯಲ್ಲಿ ಒಂದು ಬಳೆ ಬಿಡಿಸಿಯಾಗಿದೆ, ಇನ್ನೊಂದಕ್ಕೆ ಮೂರು ಕಂತು ಬಾಕಿ.